ಯೋಧರ ಆಘಾತ ಮತ್ತು ಎಪಿಜೆನೆಟಿಕ್ಸ್: ಸಂಶೋಧನಾ ವರದಿಯನ್ನು ಓದುವ ಕ್ರಮ

ಯುದ್ಧಭೂಮಿಯಲ್ಲಿ ಕಂಡ ಭೀಕರತೆಯ ಗುರುತು ಸೈನಿಕರ ಡಿಎನ್‌ಎ ಮೇಲೆ ಉಳಿದುಬಿಡುತ್ತದೆ ಎಂಬ ಅರ್ಥದ ಸುದ್ದಿಗಳು ಈಗ ಕನ್ನಡದಲ್ಲಿಯೂ ಆಗಾಗ ಓದಲು ಸಿಗುತ್ತವೆ. ಕೆಲವು ಸುದ್ದಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಗುರುತು ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು ಬರುತ್ತದೆ ಎನ್ನುತ್ತವೆ. ಇವುಗಳ ಹಿಂದೆ ನಿಜವಾದ ಸಂಶೋಧನೆ ಇದೆ. ಆದರೆ ಆ ಸಂಶೋಧನೆಯನ್ನು ಮಾಡಿದವರು ಹಾಕಿಕೊಂಡ ಎಚ್ಚರಿಕೆಗಳು ಸುದ್ದಿಯಾಗುವ ಹೊತ್ತಿಗೆ ಒಂದೊಂದಾಗಿ ಉದುರಿಹೋಗಿರುತ್ತವೆ. ಅವನ್ನು ಮತ್ತೆ ಹುಡುಕಿ ತೆಗೆದು ಓದುವುದು ಹೇಗೆ ಎಂಬುದನ್ನು, ಸೇನೆಯಲ್ಲಿದ್ದವರ ಮನೆಯವರಿಗೂ ಜೀವವಿಜ್ಞಾನದ ವಿದ್ಯಾರ್ಥಿಗಳಿಗೂ ವಿಜ್ಞಾನದ ಸುದ್ದಿ ಬರೆಯುವವರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದೆ. ಈ ಕ್ಷೇತ್ರದ ಮುಖ್ಯ ಅಧ್ಯಯನಗಳು ಅಮೆರಿಕ ಮತ್ತು ನೆದರ್‌ಲೆಂಡ್ಸ್‌ನ ಸೈನಿಕರ ಮೇಲೆ ನಡೆದಿರುವುದರಿಂದ ಉದಾಹರಣೆಗಳೂ ಹೆಚ್ಚಾಗಿ ಅಲ್ಲಿಯವೇ.

ವರದಿ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಡಿಎನ್‌ಎ ಪರೀಕ್ಷೆಗೆಂದು ರಕ್ತವನ್ನು ಯಾವಾಗ ತೆಗೆದರು? ಉಳಿದ ಪ್ರಶ್ನೆಗಳೆಲ್ಲ ಇದರ ನಂತರದವು. ಆದರೆ ಅದಕ್ಕೂ ಮುನ್ನ, ಅಳೆಯುವುದು ಏನನ್ನು ಎಂಬುದು ಸ್ಪಷ್ಟವಾಗಬೇಕು.

ಅಳೆಯುವುದು ಏನನ್ನು?

ಎಪಿಜೆನೆಟಿಕ್ಸ್ ಎಂಬ ಹೆಸರನ್ನು 1942ರಲ್ಲಿ ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ ಬಳಕೆಗೆ ತಂದರು. ಇಂದು ಆ ಪದದ ಅಡಿಯಲ್ಲಿ, ಡಿಎನ್‌ಎಯ ಅಕ್ಷರಗಳು ಬದಲಾಗದೆಯೇ ಜೀನುಗಳ ಕೆಲಸವನ್ನು ಬದಲಿಸುವ ಹಲವು ಸಂಗತಿಗಳು ಬರುತ್ತವೆಯಾದರೂ, ಸೈನಿಕರ ಅಧ್ಯಯನಗಳಲ್ಲಿ ಬಹುಪಾಲು ಅಳೆಯುವುದು ಡಿಎನ್‌ಎ ಮೀಥೈಲೇಷನ್ ಒಂದನ್ನೇ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್‌ಗೆ, ಮುಖ್ಯವಾಗಿ ಅದರ ಮುಂದೆ ಗ್ವಾನಿನ್ ಬಂದಿರುವ ಜಾಗಗಳಲ್ಲಿ, ಒಂದು ಇಂಗಾಲ ಮತ್ತು ಮೂರು ಜಲಜನಕ ಪರಮಾಣುಗಳಿರುವ, ಮೀಥೈಲ್ ಎಂಬ ಪುಟ್ಟ ಗುಂಪು ಅಂಟಿಕೊಳ್ಳುತ್ತದೆ. ಅಕ್ಷರ ಬದಲಾಗುವುದಿಲ್ಲ, ಆದರೆ ಜೀವಕೋಶ ಆ ಭಾಗವನ್ನು ಓದುವ ರೀತಿ ಬದಲಾಗಬಹುದು.

ಯಕ್ಷಗಾನದ ಭಾಗವತರ ಪ್ರಸಂಗ ಪುಸ್ತಕವನ್ನು ಒಮ್ಮೆ ತೆರೆದು ನೋಡಿದವರಿಗೆ ಇದು ಬೇಗ ಮನಸ್ಸಿಗೆ ಬರುತ್ತದೆ. ಅಚ್ಚಾದ ಪದ್ಯಗಳು ಎಲ್ಲ ಪ್ರತಿಗಳಲ್ಲಿಯೂ ಒಂದೇ. ಕಾಲಮಿತಿಯ ಆಟಕ್ಕೆಂದು ಭಾಗವತರು ಕೆಲವು ಪದ್ಯಗಳ ಪಕ್ಕದಲ್ಲಿ ಪೆನ್ಸಿಲಿನ ಗೆರೆ ಎಳೆದಿರುತ್ತಾರೆ. ಗೆರೆ ಬಿದ್ದ ಪದ್ಯ ಪುಸ್ತಕದಲ್ಲಿಯೇ ಇರುತ್ತದೆ, ಆದರೆ ಆ ರಾತ್ರಿ ರಂಗಸ್ಥಳಕ್ಕೆ ಬರುವುದಿಲ್ಲ. ಜೀನಿನ ಆರಂಭದ ಭಾಗದಲ್ಲಿ ಬೀಳುವ ಮೀಥೈಲ್ ಗುರುತು ಸಾಮಾನ್ಯವಾಗಿ ಹೀಗೆ ‘ಬಿಡಿ’ ಎನ್ನುವ ಗೆರೆಯಾಗಿರುತ್ತದೆ. ಸಾಮಾನ್ಯವಾಗಿ ಎಂದು ಬೇಕೆಂದೇ ಹೇಳಿದೆ, ಏಕೆಂದರೆ ಜೀನಿನ ನಡುಭಾಗದಲ್ಲಿ ಬಿದ್ದ ಗುರುತು ಇದಕ್ಕೆ ವಿರುದ್ಧವಾಗಿಯೂ ಕೆಲಸ ಮಾಡಬಹುದು. ಜೀನ್ ಎಂದರೆ ಗೋಡೆಯ ಸ್ವಿಚ್, ಆಘಾತ ಬಂದು ಅದನ್ನು ಆರಿಸಿತು ಎಂಬ ಜನಪ್ರಿಯ ವಿವರಣೆ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ.

ಇನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಸಂಕಟ ಸಾರ್ವಜನಿಕ ಚರ್ಚೆಯಾದ ಬಳಿಕ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ ಹೆಸರು ಸಿಕ್ಕಿತು. ನೆನಪು ತಾನಾಗಿಯೇ ನುಗ್ಗಿ ಬರುವುದು, ಅದನ್ನು ನೆನಪಿಸುವ ಜಾಗ ಮತ್ತು ಮಾತುಗಳಿಂದ ದೂರ ಉಳಿಯುವುದು, ಮನಸ್ಸು ಮತ್ತು ಯೋಚನೆ ಕುಗ್ಗುವುದು, ಸದಾ ಬೆಚ್ಚುತ್ತ ಎಚ್ಚರವಾಗಿರುವುದು ಎಂಬ ನಾಲ್ಕು ಬಗೆಯ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು ಬದುಕಿಗೆ ಅಡ್ಡಿಯಾದಾಗ ಈ ಹೆಸರು ಬಳಸುತ್ತಾರೆ. ಅಧ್ಯಯನದಲ್ಲಿ ಇದನ್ನು ನಿರ್ಧರಿಸಿದ್ದು ತರಬೇತಿ ಪಡೆದವರ ಸಂದರ್ಶನದಿಂದಲೋ, ಸೈನಿಕರೇ ತುಂಬಿದ 20 ಪ್ರಶ್ನೆಗಳಂಥ ಪಟ್ಟಿಯಿಂದಲೋ ಎಂಬುದನ್ನು ಗಮನಿಸಿ. ಬಡ್ತಿಗೂ ಮುಂದಿನ ನಿಯೋಜನೆಗೂ ತೊಂದರೆಯಾದೀತೆಂಬ ಅಂಜಿಕೆಯಿರುವಲ್ಲಿ, ಸಮವಸ್ತ್ರದಲ್ಲಿರುವವರು ತಾವೇ ತುಂಬುವ ಪಟ್ಟಿಯಲ್ಲಿ ಎಲ್ಲವನ್ನೂ ಬರೆಯುತ್ತಾರೆಂದು ನಂಬುವುದು ಕಷ್ಟ.

ರಕ್ತ ತೆಗೆದದ್ದು ಹೋಗುವ ಮುನ್ನವೋ, ಬಂದ ಮೇಲೋ?

ಮರಳಿ ಬಂದ ಸೈನಿಕರಲ್ಲಿ ಪಿಟಿಎಸ್‌ಡಿ ಇರುವವರ ಮತ್ತು ಇಲ್ಲದವರ ರಕ್ತವನ್ನು ಒಮ್ಮೆ ಮಾತ್ರ ತೆಗೆದು ಹೋಲಿಸಿದ್ದರೆ, ಕಂಡ ವ್ಯತ್ಯಾಸಕ್ಕೆ ಕನಿಷ್ಠ ಮೂರು ವಿವರಣೆಗಳು ಸಾಧ್ಯ. ಯುದ್ಧದ ಅನುಭವವೇ ಗುರುತನ್ನು ಮೂಡಿಸಿರಬಹುದು. ಗುರುತು ಹುಟ್ಟಿನಿಂದಲೋ ಬಾಲ್ಯದಿಂದಲೋ ಇದ್ದು, ಅದಿರುವವರೇ ಕಾಯಿಲೆಗೆ ಬೇಗ ತುತ್ತಾಗಿರಬಹುದು. ಅಥವಾ ಕಾಯಿಲೆ ಬಂದ ಮೇಲಿನ ನಿದ್ರೆಗೇಡು, ಮದ್ಯ, ತಂಬಾಕು ಮತ್ತು ಮಾತ್ರೆಗಳು ಅದನ್ನು ತಂದಿರಬಹುದು. ಒಂದೇ ಸಲ ತೆಗೆದ ರಕ್ತದಿಂದ ಈ ಮೂರನ್ನು ಬೇರ್ಪಡಿಸಲು ಯಾವ ಗಣಿತದಿಂದಲೂ ಆಗುವುದಿಲ್ಲ.

ಇದು ಬರೀ ತರ್ಕದ ಕಸರತ್ತಲ್ಲ. ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ಪಿಟಿಎಸ್‌ಡಿ ಇರುವ ಯೋಧರಲ್ಲಿ ಚಿಕ್ಕದಾಗಿರುತ್ತದೆಂದು ಕಂಡಾಗ, ಒತ್ತಡವೇ ಅದನ್ನು ಕುಗ್ಗಿಸಿತು ಎಂದು ಹಲವರು ಭಾವಿಸಿದ್ದರು. 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ಮತ್ತು ಸಂಗಡಿಗರು ವಿಯೆಟ್ನಾಂಗೆ ಒಬ್ಬರು ಹೋಗಿ ಇನ್ನೊಬ್ಬರು ಹೋಗದೆ ಉಳಿದ ಏಕರೂಪಿ ಅವಳಿಗಳನ್ನು ಪರೀಕ್ಷಿಸಿದರು. ತೀವ್ರ ಪಿಟಿಎಸ್‌ಡಿ ಇದ್ದ ಯೋಧರ, ಮನೆಯಲ್ಲಿಯೇ ಉಳಿದಿದ್ದ ಅವಳಿ ಸೋದರರಲ್ಲಿಯೂ ಆ ಭಾಗ ಚಿಕ್ಕದಾಗಿಯೇ ಇತ್ತು. ಪರಿಣಾಮವೆಂದು ತಿಳಿದದ್ದು, ಭಾಗಶಃವಾದರೂ, ಮೊದಲೇ ಇದ್ದ ಲಕ್ಷಣವಾಗಿತ್ತು.

ಆದ್ದರಿಂದ ಹೊರಡುವ ಮುನ್ನವೂ ಮರಳಿದ ಮೇಲೆಯೂ ಅದೇ ವ್ಯಕ್ತಿಯ ರಕ್ತ ತೆಗೆದ ಅಧ್ಯಯನಕ್ಕೆ ನೀವು ಹೆಚ್ಚಿನ ಬೆಲೆ ಕೊಡಬೇಕು. ಅಂಥವು ಕೆಲವೇ ಇವೆ. 2005ರಿಂದ 2008ರ ಅವಧಿಯಲ್ಲಿ ಅಫ್ಘಾನಿಸ್ತಾನಕ್ಕೆ ಹೋದ ಸಾವಿರಕ್ಕೂ ಹೆಚ್ಚು ಡಚ್ ಸೈನಿಕರನ್ನು ಒಳಗೊಂಡ ಪ್ರಿಸ್ಮೊ ಒಂದು. ಅಮೆರಿಕದ ಮರೀನ್‌ಗಳ ಮೇಲೆ ಸ್ಯಾನ್ ಡಿಯಾಗೋದ ಸಂಶೋಧಕರು ನಡೆಸಿದ ಮರೀನ್ ರೆಸಿಲಿಯನ್ಸ್ ಸ್ಟಡಿ ಇನ್ನೊಂದು. ಅಮೆರಿಕದ ಭೂಸೇನೆಯ ಮೇಲೆ 2009ರಲ್ಲಿ ಆರಂಭವಾದ ಆರ್ಮಿ ಸ್ಟಾರ್ಸ್ ಮತ್ತೊಂದು. ವರದಿಯಲ್ಲಿ ಈ ಹೆಸರುಗಳು ಕಂಡರೆ ಹೊರಡುವ ಮುನ್ನ ತೆಗೆದ ರಕ್ತದ ಮಾದರಿ ಇದ್ದೀತೆಂದು ಎದುರುನೋಡಬಹುದು, ಆದರೂ ಆ ನಿರ್ದಿಷ್ಟ ವಿಶ್ಲೇಷಣೆಯಲ್ಲಿ ಅದನ್ನು ಬಳಸಿದ್ದಾರೆಯೇ ಎಂದು ವಿಧಾನದ ಭಾಗದಲ್ಲಿ ನೋಡಿ.

ಪ್ರಿಸ್ಮೊದಿಂದ 2018ರಲ್ಲಿ ಬಾರ್ಟ್ ರುಟ್ಟೆನ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಸಾವಿರ ಸೈನಿಕರಲ್ಲಿ ಅವರು ಆರಿಸಿಕೊಂಡದ್ದು 93 ಮಂದಿಯನ್ನು. ನಿಯೋಜನೆಗೆ ಮುನ್ನ ಮತ್ತು ಮರಳಿದ ನಂತರದ ಮಾದರಿಗಳನ್ನು ಹೋಲಿಸಿದಾಗ, ಪಿಟಿಎಸ್‌ಡಿ ಲಕ್ಷಣಗಳು ಹೆಚ್ಚಿದವರಲ್ಲಿ ಜೆಡ್‌ಎಫ್‌ಪಿ57 ಎಂಬ ಜೀನಿನದ್ದು ಸೇರಿದಂತೆ ಡಿಎನ್‌ಎಯ ಮೂರು ಪ್ರದೇಶಗಳ ಮೀಥೈಲೇಷನ್ ಕಡಿಮೆಯಾಗಿತ್ತು. ಅಷ್ಟಕ್ಕೇ ನಿಲ್ಲದೆ 98 ಅಮೆರಿಕನ್ ಮರೀನ್‌ಗಳಲ್ಲಿ ಅದನ್ನು ಪುನಃ ಪರೀಕ್ಷಿಸಿದರು. ಜೆಡ್‌ಎಫ್‌ಪಿ57 ಅಲ್ಲಿಯೂ ಕಂಡಿತು. ಬೇರೆ ದೇಶ, ಬೇರೆ ಸೇನೆ, ಅದೇ ಜಾಗ: ಇಂಥದ್ದು ಕಂಡಾಗ ಮಾತ್ರ ನಾನು ಪೆನ್ನು ತೆಗೆದು ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಹಾಗಿದ್ದೂ, ಎರಡು ಗುಂಪು ಸೇರಿಸಿದರೂ ಇನ್ನೂರು ಮಂದಿ ತುಂಬುವುದಿಲ್ಲ ಎಂಬುದನ್ನು ಪಕ್ಕದಲ್ಲಿಯೇ ಬರೆದುಕೊಳ್ಳಬೇಕಾಗುತ್ತದೆ.

ಒಂದು ಹನಿ ರಕ್ತದ ಲೆಕ್ಕ

‘ಮೀಥೈಲೇಷನ್ ಶೇಕಡಾ 2ರಷ್ಟು ಕಡಿಮೆ’ ಎಂದು ವರದಿಯಲ್ಲಿದ್ದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಒಂದು ಡಿಎನ್‌ಎ ಪ್ರತಿಯ ಒಂದು ಜಾಗದಲ್ಲಿ ಗುರುತು ಇರುತ್ತದೆ, ಇಲ್ಲವೇ ಇರುವುದಿಲ್ಲ. ಅರ್ಧ ಗುರುತು ಎಂಬುದಿಲ್ಲ. ನೂರು ಜೀವಕೋಶಗಳೆಂದರೆ ತಾಯಿಯಿಂದ ಬಂದ ನೂರು, ತಂದೆಯಿಂದ ಬಂದ ನೂರು, ಒಟ್ಟು 200 ಪ್ರತಿಗಳು. ಅವುಗಳಲ್ಲಿ 160ರಲ್ಲಿ ಗುರುತು ಇದ್ದರೆ ಶೇಕಡಾ 80. 156ರಲ್ಲಿದ್ದರೆ ಶೇಕಡಾ 78. ಸುದ್ದಿಯಲ್ಲಿ ‘ಜೀನ್ ಬದಲಾಯಿತು’ ಎನಿಸಿಕೊಳ್ಳುವುದು ಬಹಳಷ್ಟು ಸಲ ಈ ನಾಲ್ಕು ಪ್ರತಿಗಳ ವ್ಯತ್ಯಾಸ.

ಇದರಲ್ಲಿ ಇನ್ನೊಂದು ತೊಡಕಿದೆ, ಮತ್ತು ಓದುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ. ರಕ್ತ ಒಂದೇ ಬಗೆಯ ಕೋಶಗಳ ದ್ರವವಲ್ಲ. ಲೆಕ್ಕಕ್ಕೆಂದು ಒಂದು ಜಾಗವನ್ನು ಊಹಿಸಿಕೊಳ್ಳಿ: ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳೆಲ್ಲದರಲ್ಲಿ ಅಲ್ಲಿ ಗುರುತಿದೆ, ನ್ಯೂಟ್ರೊಫಿಲ್‌ಗಳಲ್ಲಿ ಎಲ್ಲಿಯೂ ಇಲ್ಲ. ನೂರು ಬಿಳಿ ಕಣಗಳಲ್ಲಿ 40 ಲಿಂಫೊಸೈಟ್, 60 ನ್ಯೂಟ್ರೊಫಿಲ್ ಇದ್ದರೆ ಯಂತ್ರ ಶೇಕಡಾ 40 ಎಂದು ತೋರಿಸುತ್ತದೆ. ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಏರಿದಾಗ ರಕ್ತದಲ್ಲಿ ನ್ಯೂಟ್ರೊಫಿಲ್‌ಗಳು ಹೆಚ್ಚುತ್ತವೆ, ಲಿಂಫೊಸೈಟ್‌ಗಳು ಇಳಿಯುತ್ತವೆ. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಕಳೆದ ಸೈನಿಕನ ರಕ್ತದಲ್ಲಿ ಅದು 35 ಮತ್ತು 65 ಆಗಿದೆ ಎನ್ನಿ. ಯಂತ್ರ ಶೇಕಡಾ 35 ಎನ್ನುತ್ತದೆ. ಐದು ಅಂಶಗಳ ವ್ಯತ್ಯಾಸ ಬಂತು, ಆದರೆ ಒಂದೇ ಒಂದು ಕೋಶದಲ್ಲಿಯೂ ಒಂದು ಗುರುತು ಕೂಡ ಅಳಿಯಲಿಲ್ಲ. ಆದ್ದರಿಂದ ವರದಿಯಲ್ಲಿ ಬಿಳಿ ರಕ್ತಕಣಗಳ ಪ್ರಮಾಣಕ್ಕೆ ಲೆಕ್ಕವನ್ನು ಹೊಂದಿಸಿದ್ದಾರೆಯೇ ಎಂದು ಹುಡುಕಿ. ಹೊಂದಿಸಿರದಿದ್ದರೆ, ಆ ವರದಿಯನ್ನು ಅಲ್ಲಿಗೇ ಮುಚ್ಚಿಡಬಹುದು.

ರಕ್ತ ಮತ್ತು ಮಿದುಳಿನ ಪ್ರಶ್ನೆಯೂ ಇದರದೇ ಮುಂದುವರಿಕೆ. ಒಂದೇ ದೇಹದ ಕೋಶಗಳೆಲ್ಲದರಲ್ಲಿ ಪುಸ್ತಕ ಒಂದೇ ಆದರೂ ಗೆರೆಗಳು ಬೇರೆ ಬೇರೆ. ಒಂದು ಮೇಳದ ಪುಸ್ತಕದ ಗೆರೆಗಳನ್ನು ನೋಡಿ ಇನ್ನೊಂದು ಮೇಳ ಆ ರಾತ್ರಿ ಏನು ಹಾಡಿತೆಂದು ಹೇಳುವ ಸಾಹಸ ಅದು. ಬದುಕಿರುವ ಸೈನಿಕರ ಮಿದುಳಿನ ಕೋಶ ಸಿಗುವುದಿಲ್ಲ. ಮರಣಾನಂತರ ದಾನವಾದ ಮಿದುಳುಗಳಿಗಾಗಿ ಅಮೆರಿಕದ ನಿವೃತ್ತ ಸೈನಿಕರ ಇಲಾಖೆ 2014ರಲ್ಲಿ ಪ್ರತ್ಯೇಕ ಪಿಟಿಎಸ್‌ಡಿ ಮಿದುಳು ಸಂಗ್ರಹಾಲಯವನ್ನು ಆರಂಭಿಸಿದ್ದು ಇದೇ ಕೊರತೆಯನ್ನು ತುಂಬಲು. ರಕ್ತದಲ್ಲಿ ಕಂಡದ್ದನ್ನು ‘ಮಿದುಳಿನಲ್ಲಿ ಕಂಡದ್ದು’ ಎಂದು ಬರೆದ ಸುದ್ದಿ ತಪ್ಪು ಸುದ್ದಿ.

ಸಿಗರೇಟಿನ ಹೊಗೆಯಲ್ಲಿ ಮರೆಯಾಗುವುದು

ಇತ್ತೀಚಿನ ವರ್ಷಗಳ ಹಲವು ವರದಿಗಳಲ್ಲಿ ಬಳಸಿದ ಚಿಪ್ ಸುಮಾರು 8,50,000 ಜಾಗಗಳ ಮೀಥೈಲೇಷನ್ ಅನ್ನು ಒಟ್ಟಿಗೆ ಅಳೆಯುತ್ತದೆ. ಮನುಷ್ಯರ ಜೀನೋಮಿನಲ್ಲಿ ಇಂಥ ಜಾಗಗಳು ಸುಮಾರು 2.8 ಕೋಟಿ ಇರುವುದರಿಂದ ಇದು ಶೇಕಡಾ 3ರ ಆಸುಪಾಸು. ಅಷ್ಟಾದರೂ ಅಪಾಯಕ್ಕೆ ಸಾಕು: ನೂರರಲ್ಲಿ ಐದು ಸಲ ಆಕಸ್ಮಿಕವಾಗಿ ಬರಬಹುದಾದದ್ದನ್ನು ಒಪ್ಪುವ ಹಳೆಯ ಅಳತೆಯನ್ನು ಬಳಸಿದರೆ, ಏನೂ ಸಂಬಂಧವಿಲ್ಲದಿದ್ದರೂ 42,500 ಜಾಗಗಳು ‘ಸಂಬಂಧವಿದೆ’ ಎಂದು ಕೈ ಎತ್ತುತ್ತವೆ. ಆದ್ದರಿಂದ ಈ ಚಿಪ್ಪಿಗೆ ಹತ್ತು ಕೋಟಿಯಲ್ಲಿ ಸುಮಾರು ಒಂಬತ್ತು ಎಂಬಷ್ಟು ಕಟ್ಟುನಿಟ್ಟಿನ ಅಳತೆಯನ್ನು ಇಟ್ಟುಕೊಳ್ಳುತ್ತಾರೆ. ತಮಗೆ ಬೇಕಾದ ನಾಲ್ಕೈದು ಜೀನುಗಳನ್ನಷ್ಟೇ ಆರಿಸಿ ನೋಡಿದ ಹಳೆಯ ಅಧ್ಯಯನಗಳನ್ನು, ಇಡೀ ಚಿಪ್ಪಿನ ಫಲಿತಾಂಶವನ್ನು ಬಿಚ್ಚಿಟ್ಟ ಅಧ್ಯಯನಗಳಿಗಿಂತ ಒಂದು ತೂಕ ಕಡಿಮೆಯಾಗಿಯೇ ನೋಡಿ.

ಸೈನಿಕರ ವಿಷಯದಲ್ಲಿ ತಂಬಾಕನ್ನು ಕೇಳದೆ ಮುಂದೆ ಹೋಗುವಂತಿಲ್ಲ. 2020ರಲ್ಲಿ ಸೈನಿಕರ ಮತ್ತು ನಾಗರಿಕರ ಹತ್ತು ಗುಂಪುಗಳನ್ನು ಸೇರಿಸಿ, 1,896 ಮಂದಿಯ ಫಲಿತಾಂಶಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ ಎಎಚ್‌ಆರ್‌ಆರ್ ಎಂಬ ಜೀನಿನ ನಾಲ್ಕು ಜಾಗಗಳಲ್ಲಿ, ಪಿಟಿಎಸ್‌ಡಿ ಇರುವವರಿಗೆ ಮೀಥೈಲೇಷನ್ ಕಡಿಮೆ ಎಂದು ಕಂಡಿತು. ಈ ಕ್ಷೇತ್ರ ಬಲ್ಲವರಿಗೆ ಇಲ್ಲಿ ತಟ್ಟನೆ ಅನುಮಾನ ಬರುತ್ತದೆ, ಏಕೆಂದರೆ ಎಎಚ್‌ಆರ್‌ಆರ್ ಧೂಮಪಾನದ ಅತ್ಯಂತ ಪ್ರಸಿದ್ಧ ಗುರುತು. ರಕ್ತದಲ್ಲಿ ಅದನ್ನು ನೋಡಿ ಸಿಗರೇಟು ಸೇದುವವರನ್ನು ಗುರುತಿಸಬಹುದು. ಪಿಟಿಎಸ್‌ಡಿ ಇರುವ ಯೋಧರಲ್ಲಿ ಸೇದುವವರು ಹೆಚ್ಚು. ಹಾಗಾದರೆ ಅವರು ಅಳೆದದ್ದು ಆಘಾತವನ್ನೋ ಸಿಗರೇಟನ್ನೋ? ಸಂಶೋಧಕರು ಈ ಪ್ರಶ್ನೆಯನ್ನು ತಾವೇ ಕೇಳಿಕೊಂಡು ಸೇದದವರನ್ನು ಪ್ರತ್ಯೇಕಿಸಿ ನೋಡಿದರು. ಸಂಬಂಧ ಅವರಲ್ಲಿಯೇ ಹೆಚ್ಚು ಸ್ಪಷ್ಟವಾಗಿತ್ತು. ಜೊತೆಗೆ ಕೈನ್ಯೂರೆನಿನ್ ಎಂಬ, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ವಸ್ತುವಿನ ಮಟ್ಟವೂ ಪಿಟಿಎಸ್‌ಡಿ ಇರುವವರಲ್ಲಿ ಕಡಿಮೆಯಿತ್ತು. ‘ಸೇದುವುದಿಲ್ಲ’ ಎಂದು ಬರೆದುಕೊಟ್ಟವರೆಲ್ಲರೂ ಸೇದದವರೇ ಆಗಿರಬೇಕೆಂದಿಲ್ಲ ಎಂಬ ಸಂಶಯ ನನಗೆ ಪೂರ್ತಿ ಹೋಗಿಲ್ಲವಾದರೂ, ತನ್ನ ಫಲಿತಾಂಶವನ್ನು ತಾನೇ ಕೆಡವಲು ಯತ್ನಿಸಿದ ವರದಿ ಎಂಬ ಕಾರಣಕ್ಕೆ ಇದನ್ನು ಓದಲು ಶಿಫಾರಸು ಮಾಡುತ್ತೇನೆ.

ಇದೇ ಮಾರ್ಗದಲ್ಲಿ 2024ರಲ್ಲಿ 23 ಗುಂಪುಗಳ 5,077 ಮಂದಿಯ ವಿಶ್ಲೇಷಣೆ ಬಂತು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕಟ್ಟುನಿಟ್ಟಿನ ಅಳತೆಯನ್ನು ದಾಟಿದ ಜಾಗಗಳು 11. ‘ನೂರಾರು ಜೀನುಗಳು ಬದಲಾದವು’ ಎಂಬ ಶೀರ್ಷಿಕೆ ಕಂಡಾಗ ಈ 11ನ್ನು ಪಕ್ಕದಲ್ಲಿಟ್ಟು ನೋಡಿ.

ದಿಕ್ಕನ್ನು ಊಹಿಸಬೇಡಿ

ಒತ್ತಡ ಹೆಚ್ಚಿದರೆ ಕಾರ್ಟಿಸಾಲ್ ಹೆಚ್ಚಿರಬೇಕು, ಆಯಸ್ಸು ಬೇಗ ಸವೆಯಬೇಕು ಎಂದು ನಮಗೆ ಅನಿಸುತ್ತದೆ. ದತ್ತಾಂಶ ಈ ಅನಿಸಿಕೆಯನ್ನು ಪಾಲಿಸುವುದಿಲ್ಲ. 1986ರಲ್ಲಿ ಜಾನ್ ಮೇಸನ್ ಅವರ ತಂಡ ಪಿಟಿಎಸ್‌ಡಿ ಇರುವ ಯೋಧರ ಮೂತ್ರದಲ್ಲಿ ಕಾರ್ಟಿಸಾಲ್ ಕಡಿಮೆ ಇರುವುದನ್ನು ವರದಿ ಮಾಡಿತು. ಬಳಿಕ ಬಂದ ಫಲಿತಾಂಶಗಳು ಮಿಶ್ರವಾಗಿದ್ದರೂ, ಕಾರ್ಟಿಸಾಲ್‌ಗೆ ಕೋಶಗಳ ಸಂವೇದನೆ ಹೆಚ್ಚಿರುತ್ತದೆ ಎಂಬ ವಿವರಣೆ ಅಲ್ಲಿಂದ ಬೆಳೆಯಿತು. ಈ ಸಂವೇದನೆಯನ್ನು ನಿಯಂತ್ರಿಸುವ ಎಫ್‌ಕೆಬಿಪಿ5 ಮತ್ತು ಕಾರ್ಟಿಸಾಲ್ ಗ್ರಾಹಿಯ ಜೀನಾದ ಎನ್‌ಆರ್3ಸಿ1 ಎಂಬ ಎರಡು ಹೆಸರುಗಳು ವರದಿಗಳಲ್ಲಿ ಪದೇ ಪದೇ ಬರುವುದು ಇದೇ ಕಾರಣಕ್ಕೆ. ಇನ್ನು ಮೀಥೈಲ್ ಗುರುತುಗಳಿಂದ ವಯಸ್ಸನ್ನು ಲೆಕ್ಕ ಹಾಕುವ ‘ಎಪಿಜೆನೆಟಿಕ್ ಗಡಿಯಾರ’ದ ವಿಷಯ: 2015ರಲ್ಲಿ ಮಾರ್ಕೊ ಬೊಕ್ಸ್ ಮತ್ತು ಸಂಗಡಿಗರು 96 ಡಚ್ ಸೈನಿಕರನ್ನು ನೋಡಿದಾಗ, ಯುದ್ಧದ ಆಘಾತ ಕಂಡವರಲ್ಲಿ ಗಡಿಯಾರ ವೇಗವಾಗಿ ಓಡಿತ್ತು, ಪಿಟಿಎಸ್‌ಡಿ ಲಕ್ಷಣ ಹೆಚ್ಚಿದವರಲ್ಲಿ ನಿಧಾನವಾಗಿತ್ತು. ಇದನ್ನು ಓದಿದ ಮೇಲೆಯೂ ‘ನಿಮ್ಮ ಜೈವಿಕ ವಯಸ್ಸು ತಿಳಿಯಿರಿ’ ಎನ್ನುವ ಜಾಹೀರಾತಿಗೆ ಹಣ ಕಟ್ಟುವುದು ಅವರವರಿಗೆ ಬಿಟ್ಟದ್ದು.

ಮಕ್ಕಳಿಗೆ ಇಳಿಯುತ್ತದೆಯೇ?

ಮನೆಯವರನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಉತ್ತರಿಸುವ ಮುನ್ನ ತಲೆಮಾರುಗಳನ್ನು ಸರಿಯಾಗಿ ಎಣಿಸಿ. ಗರ್ಭಿಣಿಗೆ ಆಘಾತವಾದರೆ ಅದು ತಾಯಿಗೂ, ಹೊಟ್ಟೆಯಲ್ಲಿರುವ ಮಗುವಿಗೂ, ಆ ಮಗುವಿನೊಳಗೆ ಆಗಲೇ ರೂಪುಗೊಳ್ಳುತ್ತಿರುವ ಅಂಡ ಅಥವಾ ವೀರ್ಯದ ಮೂಲಕೋಶಗಳಿಗೂ, ಅಂದರೆ ಮೂರು ತಲೆಮಾರುಗಳಿಗೆ ನೇರವಾಗಿಯೇ ತಟ್ಟುತ್ತದೆ. ಹೀಗಾಗಿ ತಾಯಿಯ ಕಡೆಯಿಂದ ನಿಜವಾದ ವರ್ಗಾವಣೆ ಎನ್ನಬೇಕಾದರೆ ಮರಿಮಕ್ಕಳಲ್ಲಿ ಕಾಣಬೇಕು; ತಂದೆಯ ಕಡೆಯಿಂದಾದರೆ ಮೊಮ್ಮಕ್ಕಳಲ್ಲಿ. ಇದಲ್ಲದೆ, ಹಳೆಯ ಗುರುತುಗಳಲ್ಲಿ ಬಹುಪಾಲು ಎರಡು ಸಲ, ಅಂಡ-ವೀರ್ಯಗಳ ಮೂಲಕೋಶಗಳಲ್ಲೊಮ್ಮೆ ಮತ್ತು ಗರ್ಭ ಕಟ್ಟಿದ ಕೂಡಲೇ ಇನ್ನೊಮ್ಮೆ, ಅಳಿಸಿಹೋಗುತ್ತವೆ.

ಹೆಚ್ಚು ಉಲ್ಲೇಖವಾಗುವ 2016ರ ಕೆಲಸ ಸೈನಿಕರದ್ದಲ್ಲ. ನಾಜಿ ನರಮೇಧದಿಂದ ಬದುಕುಳಿದ ಯಹೂದಿಗಳದ್ದು. ರೇಚಲ್ ಯೆಹೂದಾ ಅವರ ತಂಡ 32 ಹಿರಿಯರನ್ನೂ ಅವರ 22 ವಯಸ್ಕ ಮಕ್ಕಳನ್ನೂ ಪರೀಕ್ಷಿಸಿತು. ಹೋಲಿಕೆಗೆ ಇದ್ದವರು 8 ಹಿರಿಯರು ಮತ್ತು 9 ಮಕ್ಕಳು. ಎಫ್‌ಕೆಬಿಪಿ5 ಜೀನಿನ ಒಂದು ಜಾಗದಲ್ಲಿ ಹಿರಿಯರಿಗೆ ಮೀಥೈಲೇಷನ್ ಹೆಚ್ಚಿತ್ತು, ಮಕ್ಕಳಿಗೆ ಕಡಿಮೆಯಿತ್ತು. ಗುರುತು ‘ಇಳಿದು’ ಬಂದಿದ್ದರೆ ದಿಕ್ಕು ಒಂದೇ ಇರಬೇಕಿತ್ತಲ್ಲ ಎಂದು ಓದುಗರು ಕೇಳಬೇಕು. ಸೈನಿಕರಿಗೆ ಹತ್ತಿರದ್ದು ಡೋರಾ ಕೋಸ್ಟಾ ಮತ್ತು ಸಂಗಡಿಗರ 2018ರ ಅಧ್ಯಯನ: ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಶಿಬಿರದ ಹಸಿವು ಕಂಡ ತಂದೆಯರಿಗೆ ಯುದ್ಧಾನಂತರ ಹುಟ್ಟಿದ ಗಂಡುಮಕ್ಕಳಲ್ಲಿ ಮರಣದ ಪ್ರಮಾಣ ಹೆಚ್ಚಿತ್ತು, ಹೆಣ್ಣುಮಕ್ಕಳಲ್ಲಿ ಇರಲಿಲ್ಲ. ಕುತೂಹಲದ ಸಂಗತಿ ನಿಜ. ಆದರೆ ಅಲ್ಲಿ ಯಾರ ಮೀಥೈಲೇಷನ್ ಅನ್ನೂ ಅಳೆದಿಲ್ಲ, ಹಳೆಯ ದಾಖಲೆಗಳನ್ನು ಓದಿದ್ದಾರೆ ಅಷ್ಟೆ. ನಡುರಾತ್ರಿ ಕೂಗುತ್ತ ಏಳುವ ತಂದೆಯೊಡನೆ ಒಂದೇ ಸೂರಿನಡಿ ಬೆಳೆದ ಮಗುವಿಗೆ ಭಯ ಅಂಟಲು ವೀರ್ಯದ ದಾರಿಯೇ ಬೇಕೆಂದಿಲ್ಲ.

ಚಿಕಿತ್ಸೆಯ ಕಡೆಗೆ

2013ರಲ್ಲಿ ಯೆಹೂದಾ ಅವರದೇ ತಂಡ 16 ಯೋಧರಿಗೆ 12 ವಾರಗಳ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಚಿಕಿತ್ಸೆಯ ಮೊದಲು ಮತ್ತು ನಂತರ ರಕ್ತಪರೀಕ್ಷೆ ಮಾಡಿತ್ತು. ಈ ಚಿಕಿತ್ಸೆಯಲ್ಲಿ ತರಬೇತಿ ಪಡೆದವರ ಜೊತೆ ಕುಳಿತು ಆ ನೆನಪನ್ನೇ ಮತ್ತೆ ಮತ್ತೆ ಹೇಳಿಕೊಳ್ಳಲಾಗುತ್ತದೆ. ಎನ್‌ಆರ್3ಸಿ1 ಜೀನಿನ ಗುರುತು ಯಾರು ಚೇತರಿಸಿಕೊಳ್ಳುವರೆಂಬುದಕ್ಕೆ ಸುಳಿವು ಕೊಟ್ಟಿತು. ಎಫ್‌ಕೆಬಿಪಿ5 ಜೀನಿನ ಗುರುತು ಚೇತರಿಕೆಯ ಜೊತೆಗೆ ಬದಲಾಯಿತು. ಪೆನ್ಸಿಲಿನ ಗೆರೆಯನ್ನು ಅಳಿಸಬಹುದು ಎಂಬ ಆಸೆ ಹುಟ್ಟಿಸುವ ಫಲಿತಾಂಶ ಇದು. ಮೇಲಿನ ಪ್ರಶ್ನೆಗಳನ್ನು ಇದಕ್ಕೂ ಕೇಳಿ: ರಕ್ತವನ್ನು ಎರಡು ಸಲ ತೆಗೆದಿದ್ದಾರೆ, ಅದು ಒಳ್ಳೆಯದು, ಜನ ಹದಿನಾರೇ.

ಪಿಟಿಎಸ್‌ಡಿ ಇದೆಯೋ ಇಲ್ಲವೋ ಎಂದು ಹೇಳುವ, ವೈದ್ಯರು ಒಪ್ಪಿ ಬಳಸುವ ಎಪಿಜೆನೆಟಿಕ್ ಪರೀಕ್ಷೆ ಇಂದು ಇಲ್ಲ. ನಿರ್ಣಯ ಮಾತುಕತೆಯಿಂದಲೇ ಆಗುತ್ತದೆ; ಮೇಲೆ ಹೇಳಿದ ಚಿಕಿತ್ಸೆ, ಯೋಚನೆಯನ್ನು ತಿದ್ದುವ ಸಿಪಿಟಿ, ಕಣ್ಣು ಆಡಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್, ಮತ್ತು ಸರ್ಟ್ರಲಿನ್‌ನಂಥ ಔಷಧಗಳು ಯಾವ ಮೀಥೈಲ್ ಗುರುತನ್ನೂ ನೋಡದೆ ಕೊಡುವಂಥವು. ನಿಮ್ಮ ಮನೆಯಲ್ಲಿ ಸೇನೆಯಿಂದ ಬಂದವರಿಗೆ ಈ ಲಕ್ಷಣಗಳು ತಿಂಗಳು ಮೀರಿ ಉಳಿದಿದ್ದರೆ, 14416ಕ್ಕೆ ಕರೆ ಮಾಡಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಸೇನಾಪಡೆಗಳವರಿಗಾಗಿ ಅದರ ಪ್ರತ್ಯೇಕ ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಗಿದೆ. ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಎಲ್ಲಿಗೆ ಯಾವ ವರ್ಷ ನಿಯೋಜನೆಯಾಗಿತ್ತು, ನಿದ್ರೆ ಕೆಟ್ಟದ್ದು ಯಾವಾಗಿನಿಂದ, ಮದ್ಯ ಮತ್ತು ಸಿಗರೇಟು ಹೆಚ್ಚಿದ್ದು ಅದಕ್ಕೆ ಮೊದಲೋ ಆಮೇಲೋ, ಈಗ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ದಿನಾಂಕಗಳ ಸಮೇತ ಬರೆದುಕೊಂಡು ಹೋಗಿ.